ಓದದೆ ಆಡಿದ ಮಾತು

ಬೇಸಿಗೆಯ ರಜೆ ಮುಗಿದು ಕಾಲೇಜು ತೆರೆದ ಮೊದಲ ವಾರದಲ್ಲಿ ಅಧ್ಯಾಪಕರ ಕೊಠಡಿಯೊಳಗೆ ಒಂದು ಪ್ರಶ್ನೆ ನನಗಾಗಿ ತಪ್ಪದೆ ಕಾದಿರುತ್ತದೆ. “ಏನು ಮೇಷ್ಟ್ರೇ, ರಜೆಯಲ್ಲಿ ಯಾವ ಕಾದಂಬರಿ ಓದಿದಿರಿ? ಹೇಗಿದೆ?” ಕೇಳುವವರು ಗಣಿತದವರಿರಬಹುದು, ರಸಾಯನಶಾಸ್ತ್ರದವರಿರಬಹುದು, ಕೈಯಲ್ಲಿರುವ ಕಾಫಿ ಆರುವುದರೊಳಗೆ ಅವರಿಗೆ ಉತ್ತರ ಬೇಕು. “ಚೆನ್ನಾಗಿದೆ”, “ಪರವಾಗಿಲ್ಲ”, “ಹೇಳಿಕೊಳ್ಳುವಂಥದ್ದೇನಲ್ಲ” — ಈ ಮೂರರಲ್ಲಿ ಒಂದನ್ನು ಆಡಿಬಿಟ್ಟರೆ ಸಂಭಾಷಣೆ ಸುಸೂತ್ರವಾಗಿ ಮುಗಿಯುತ್ತದೆ. ಕೆಲವರು ಅಲ್ಲಿಗೂ ಬಿಡುವುದಿಲ್ಲ. “ಮುಂದಿನ ತಿಂಗಳು ಇಂಥವರದೊಂದು ಬರುತ್ತದಂತಲ್ಲ, ಅದು ಹೇಗಿರಬಹುದು?” ಎನ್ನುತ್ತಾರೆ. ಅದಕ್ಕೂ ನನ್ನ ಬಳಿ ಉತ್ತರ ಇರುತ್ತಿತ್ತು ಎಂಬುದನ್ನು ನೆನೆದರೆ ಈಗ ಸ್ವಲ್ಪ ನಾಚಿಕೆಯಾಗುತ್ತದೆ.

ಓದಿದ ಕಾದಂಬರಿಯ ಬಗ್ಗೆ, ಓದದ ಕಾದಂಬರಿಯ ಬಗ್ಗೆ, ಇನ್ನೂ ಅಚ್ಚಿನ ಮನೆಯಿಂದ ಹೊರಬೀಳದ ಕಾದಂಬರಿಯ ಬಗ್ಗೆ ಒಂದೇ ದನಿಯಲ್ಲಿ ಅಭಿಪ್ರಾಯ ಹೇಳುವ ಈ ಸಾಮರ್ಥ್ಯ ನಮಗೆ ಎಲ್ಲಿಂದ ಬಂತು? ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡನಾಡಿನ ಜನರಿಗೆ ಒಂದು ದೊಡ್ಡ ಪ್ರಶಸ್ತಿಯನ್ನೇ ಕೊಟ್ಟಿದೆ. ಶಾಸ್ತ್ರಬದ್ಧವಾಗಿ ಓದದೆ ಹೋದರೂ ಇವರು ಕಾವ್ಯದ ಬಳಕೆಯಲ್ಲಿ ನುರಿತ ಬುದ್ಧಿಯುಳ್ಳವರು ಎಂದು ಅದರ ತಾತ್ಪರ್ಯ. ಪಾಠ ಹೇಳುವಾಗಲೆಲ್ಲ ನಾನು ಈ ಭಾಗಕ್ಕೆ ಬಂದು ಎದೆಯುಬ್ಬಿಸಿ ನಿಲ್ಲುತ್ತೇನೆ. ಆದರೆ ಆ ಹೊಗಳಿಕೆಯನ್ನು ನಾವು ನಮಗೆ ಅನುಕೂಲವಾಗುವಂತೆ ತಿರುಗಿಸಿಕೊಂಡಿದ್ದೇವೆಯೋ ಎಂಬ ಸಂಶಯ ನನ್ನದು. ಓದು ಬಾರದವನಿಗೂ ಕಾವ್ಯದ ಒಳಗು ತಿಳಿದೀತು ಎಂಬುದು ಒಂದು ಮಾತು. ಓದು ಬಂದವನು ಓದದೆಯೇ ತೀರ್ಪು ಕೊಡಬಹುದು ಎಂಬುದು ಬೇರೆಯ ಮಾತು. ಮೊದಲನೆಯದು ಜನರ ಗುಣ. ಎರಡನೆಯದು ನಮ್ಮ ಚಟ.

ಬೇರೆಯವರನ್ನು ಆಡಿಕೊಳ್ಳುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಕಾಲ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಆದ್ದರಿಂದ ಅದನ್ನು ಓದಬೇಕು ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಇಪ್ಪತ್ತು ಪುಟ ಓದಿ ಮುಚ್ಚಿಟ್ಟೆ. ನಂಜನಗೂಡು ಸೀಮೆಯ ಆ ಆಡುಮಾತು ಮಲೆನಾಡಿನವನಾದ ನನ್ನ ಕಿವಿಗೆ ಒಗ್ಗಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಕೇಡಿರಲಿಲ್ಲ. ಈ ಕೃತಿಯನ್ನು ಯಾರಾದರೂ ಕನ್ನಡಕ್ಕೆ ಅನುವಾದಿಸಬೇಕು ಎಂಬ ಒಂದು ಹಾಸ್ಯ ಸಾಹಿತ್ಯವಲಯದಲ್ಲಿ ಓಡಾಡುತ್ತಿತ್ತು. ಅದನ್ನು ನನ್ನದೇ ಎಂಬಂತೆ ಹಾಸ್ಟೆಲಿನ ಊಟದ ಮನೆಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಎದುರಿಗೆ ಕುಳಿತಿದ್ದ ಗೆಳೆಯನೊಬ್ಬ ನಗಲಿಲ್ಲ. ಅವನು ನಂಜನಗೂಡು ತಾಲ್ಲೂಕಿನ ಹಳ್ಳಿಯವನು. ಅನ್ನ ಕಲಸುವುದನ್ನು ನಿಲ್ಲಿಸಿ, “ನಮ್ಮವ್ವ ಹಿಂಗೇ ಮಾತಾಡೋದು ಕಣಪ್ಪ. ಅವಳು ಮಾತಾಡೋದು ಕನ್ನಡ ಅಲ್ವಾ?” ಎಂದ. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುವ ದನಿ ಅದು.

ನಾನು ಏನೋ ತೊದಲಿದೆ. ಆ ರಾತ್ರಿ ಅವನ ಕೋಣೆಗೆ ಹೋಗಿ ಪುಸ್ತಕ ಮುಂದಿಟ್ಟೆ. ಅವನು ಗಟ್ಟಿಯಾಗಿ ಓದತೊಡಗಿದ. ಕಣ್ಣಿಗೆ ಕಗ್ಗಂಟಾಗಿದ್ದ ವಾಕ್ಯಗಳು ಅವನ ಬಾಯಲ್ಲಿ ನೀರಾದವು. ರಾತ್ರಿ ಹೊತ್ತು ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ಸೇರಿ ಮಾತನಾಡಿಕೊಳ್ಳುವುದು, ಚೆನ್ನ–ಕುಸುಮೆಯರ ಪ್ರೀತಿ, ಜಾತಿಯ ಕೈಯಲ್ಲಿ ಚೆನ್ನ ಕೊಲೆಯಾಗಿಹೋಗುವುದು — ಇವೆಲ್ಲ ಕಿವಿಯ ಮೂಲಕವೇ ನನ್ನೊಳಗೆ ಇಳಿದವು. ನಾನು ಅನುವಾದ ಬೇಕೆಂದಿದ್ದ ಪುಸ್ತಕಕ್ಕೆ ಬೇಕಾಗಿದ್ದುದು ಒಬ್ಬ ತಾಯಿಯ ಮಗನ ದನಿ ಮಾತ್ರ.

ಅಂದು ನಾನು ಮಾಡಿದ ತಪ್ಪು ಯಾವುದು? ಪುಸ್ತಕ ನನಗೆ ಹಿಡಿಸಲಿಲ್ಲ ಎಂಬುದೇ? ಖಂಡಿತ ಅಲ್ಲ. ರುಚಿ ಒಬ್ಬೊಬ್ಬರಿಗೆ ಒಂದೊಂದು ಬಗೆ. ಪೂರ್ತಿ ಓದಲಿಲ್ಲ ಎಂಬುದೇ? ಅದೂ ಅಲ್ಲ. ಮನುಷ್ಯನ ಆಯುಷ್ಯ ಇಷ್ಟು, ಪುಸ್ತಕಗಳು ಅಷ್ಟು. 1899ರ ‘ಇಂದಿರಾಬಾಯಿ’ಯಿಂದ ಇಲ್ಲಿಯವರೆಗೆ ಬಂದ ಕನ್ನಡ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿಯೇ ಬಾಯಿ ತೆರೆಯುತ್ತೇನೆ ಎಂದು ಹಟ ಹಿಡಿದವನು ಮೂಕನಾಗಿಯೇ ತೀರಿಕೊಂಡಾನು. ಬಿಡುವ ಹಕ್ಕು ಓದುಗನಿಗೆ ಪೂರ್ತಿಯಾಗಿ ಇದೆ. ಮದುವೆಯ ಊಟಕ್ಕೆ ಹೋಗದಿರುವುದು ನಮ್ಮ ಇಷ್ಟ; ಹೋಗದೆ ಉಳಿದು ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದು ಊರಿಗೆಲ್ಲ ಹೇಳುವುದು ಇಷ್ಟದ ಮಾತಲ್ಲ. “ನನಗೆ ಓದಲಾಗಲಿಲ್ಲ” ಎಂಬುದು ನನ್ನ ಬಗ್ಗೆ ಆಡಿದ ಮಾತು. “ಅದು ಓದುವಂತಿಲ್ಲ” ಎಂಬುದು ಪುಸ್ತಕದ ಬಗ್ಗೆ ಆಡಿದ ಮಾತು. ಮೊದಲನೆಯದಕ್ಕೆ ನಾನೊಬ್ಬನೇ ಸಾಕ್ಷಿ ಸಾಕು. ಎರಡನೆಯದಕ್ಕೆ ಪುಸ್ತಕವೂ ಸಾಕ್ಷಿ ನುಡಿಯಬೇಕು. ಅದು ಬಾಯಿ ತೆರೆಯುವ ಮೊದಲೇ ನಾನು ತೀರ್ಪು ಓದಿದ್ದೆ.

ಅಷ್ಟೇ ಅಲ್ಲ. ಪುಸ್ತಕಕ್ಕೇನೂ ನೋವಾಗುವುದಿಲ್ಲ, ಅದರ ಹಿಂದೆ ಇರುವ ಜನಕ್ಕೆ ಆಗುತ್ತದೆ. ಒಂದು ಕಾದಂಬರಿ ಎಂದರೆ ಬರೆದವರೊಬ್ಬರ ಸ್ವತ್ತಲ್ಲ. ಅದರೊಳಗೆ ಒಂದು ಸೀಮೆಯ ಮಾತು, ಒಂದು ಮನೆತನದ ಸಂಕಟ, ಯಾರದೋ ಅವ್ವನ ಗಂಟಲು ಇರುತ್ತವೆ. ನಾವು ಸದರದಿಂದ ಆಡುವ ಒಂದು ಮಾತು ಅದರ ಮೇಲೆಲ್ಲ ಹಾದುಹೋಗುತ್ತದೆ.

ಇದು ನನ್ನೊಬ್ಬನ ಕಥೆಯಲ್ಲ. 2007ರಲ್ಲಿ ಭೈರಪ್ಪನವರ ‘ಆವರಣ’ ಬಂದಾಗ ಪರ–ವಿರೋಧಗಳ ಎರಡು ಸಾಲು ಎಷ್ಟು ಬೇಗ ನಿಂತುಬಿಟ್ಟಿತೆಂದರೆ, ಓದಿ ನಿಂತವರಾರು, ನಿಂತು ಓದಿದವರಾರು, ನಿಂತೇ ಇದ್ದವರಾರು ಎಂದು ಬಿಡಿಸುವುದೇ ಕಷ್ಟವಾಯಿತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅದು ಕಾದಂಬರಿಯಲ್ಲ, ಕಥಾಸಂಕಲನ. ಆದರೂ ಮರುದಿನ ನಮ್ಮ ಬೀದಿಯ ಹಿರಿಯರೊಬ್ಬರು, “ಆ ಕಾದಂಬರಿಗೆ ಪ್ರಶಸ್ತಿ ಬಂದದ್ದು ಬಹಳ ಸರಿಯಾಯಿತು” ಎಂದರು, ಇನ್ನೊಬ್ಬರು, “ಅದರಲ್ಲಿ ಅಂಥದ್ದೇನಿದೆ?” ಎಂದರು. ಹೊಗಳಿದವರೂ ತೆಗಳಿದವರೂ ಆ ಒಂದು ವಿಷಯದಲ್ಲಿ ಸಮಾನರು. ಪುಸ್ತಕ ಇಬ್ಬರ ಮನೆಯಲ್ಲಿಯೂ ಇರಲಿಲ್ಲ.

ಹಾಗಾದರೆ ಪೂರ್ತಿ ಓದಿ ಹೇಳಿದರೆ ಅಭಿಪ್ರಾಯ ಶುದ್ಧವಾಯಿತೇ? ಅದೂ ಅಷ್ಟು ಸುಲಭವಲ್ಲ. ಈಚೆಗೆ ನಾನು ಓದಿದ ಎರಡು ಕಾದಂಬರಿಗಳಿಂದ ಇದನ್ನು ಕಲಿತೆ.

ಮೊದಲನೆಯದು ವಸುಧೇಂದ್ರರ ‘ತೇಜೋ–ತುಂಗಭದ್ರಾ’. 2019ರಲ್ಲಿಯೇ ಬಂದದ್ದು, ನಾನು ತಡವಾಗಿ ಓದಿದೆ. ತಡಕ್ಕೆ ಕಾರಣ ನನ್ನ ಒಂದು ಪೂರ್ವನಿಶ್ಚಯ. ವಿಜಯನಗರದ ಕಾಲದ ಕಾದಂಬರಿ ಎಂದಮೇಲೆ ಆನೆ ಅಂಬಾರಿ, ಬೀದಿಯಲ್ಲಿ ಮುತ್ತು ರತ್ನ, ಕೊನೆಗೊಂದು ನಿಟ್ಟುಸಿರು — ಇಷ್ಟೇ ತಾನೆ ಎಂದುಕೊಂಡಿದ್ದೆ. ಓದಿದಾಗ ಕಂಡದ್ದು ಬೇರೆ. ಹದಿನಾರನೆಯ ಶತಮಾನದ ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಯೆಹೂದಿ ಮನೆತನಗಳು ಧರ್ಮದ ಹೆಸರಿನಲ್ಲಿ ಪಡುವ ಪಾಡು, ತುಂಗಭದ್ರೆಯ ದಡದಲ್ಲಿ ಸಾಮಾನ್ಯರು ರಾಜನಿಷ್ಠೆ ಮತ್ತು ಆಚಾರಗಳ ಹೆಸರಿನಲ್ಲಿ ಪಡುವ ಪಾಡು. ಎರಡು ನದಿಗಳಲ್ಲಿ ಹರಿಯುವ ನೀರು ಒಂದೇ ಎಂಬ ಅರಿವು. ಕೆಲವು ಕಡೆ ಚರಿತ್ರೆಯ ಸಾಮಗ್ರಿ ಕಥೆಯ ಕೈಹಿಡಿದು ಜಗ್ಗುತ್ತದೆ ಎಂದು ಈಗಲೂ ನನಗೆ ತೋರುತ್ತದೆ. ಆದರೆ ಈ ಆಕ್ಷೇಪ ಓದಿ ಗಳಿಸಿದ್ದು. ಓದುವ ಮೊದಲಿದ್ದ ಆಕ್ಷೇಪ ಎಲ್ಲಿಯೋ ಬಿದ್ದು ಸಿಕ್ಕಿದ್ದು.

ಎರಡನೆಯದು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’, 2021ರದು. ಇದರ ಕಥೆ ಹೇಳುವವನು ವೆಂಕಟನೆಂಬ ಬೆಂಗಳೂರಿನ ಗೃಹಸ್ಥ. ಒಳ್ಳೆಯ ಕೆಲಸ, ಸ್ವಂತ ಮನೆ, ಜೀವನದಲ್ಲಿ ಮುಂದೆ ಬರುವುದು ಹೇಗೆಂದು ಕಲಿಸುವ ಪುಸ್ತಕಗಳ ಮೇಲೆ ಭಕ್ತಿ. ಹೆಂಡತಿ ವಿಜಿಯನ್ನೂ ಮಗಳು ರೇಖಾಳನ್ನೂ ತಾನು ಚೆನ್ನಾಗಿ ಬಲ್ಲೆನೆಂದು ಅವನ ನಂಬಿಕೆ. ಮೊದಲ ಬಾರಿ ಅರ್ಧದಲ್ಲಿ ಬೇಸರವಾಗಿ ಕೆಳಗಿಟ್ಟೆ. “ಇದರಲ್ಲಿ ಏನೂ ನಡೆಯುವುದಿಲ್ಲ” ಎಂದು ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಅದನ್ನು ಎರಡು ದಿನದಲ್ಲಿ ಓದಿ ಮುಗಿಸಿ, “ನಡೆಯುವುದಿಲ್ಲ ಎಂದಿರಲ್ಲ, ನಿಮಗೆ ಕಾಣಲಿಲ್ಲ ಅಷ್ಟೆ. ಅವನಿಗೂ ಕಾಣುವುದಿಲ್ಲ” ಎಂದಳು. ಮತ್ತೆ ಕೈಗೆತ್ತಿಕೊಂಡೆ. ಬೇಸರದ ಮೂಲ ಆಗ ತಿಳಿಯಿತು. ವೆಂಕಟ ಮಾತನಾಡುವಾಗ ನನ್ನ ದನಿಯೇ ಅಲ್ಲಲ್ಲಿ ಕೇಳಿಸುತ್ತಿತ್ತು. ಅದು ನನಗೆ ಸಹನೆಯಾಗಿರಲಿಲ್ಲ. ಪುಸ್ತಕದ ದೋಷವೆಂದು ನಾನು ಪಟ್ಟಿ ಮಾಡಿದ್ದು ಪುಸ್ತಕದ ಗುಣವಾಗಿತ್ತು.

ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದದ್ದು ಎಂಥವನನ್ನು? ಕಾವ್ಯದ ಸತತ ಪರಿಚಯದಿಂದ ಮನಸ್ಸೆಂಬ ಕನ್ನಡಿ ತಿಳಿಯಾಗಿರುವವನನ್ನು ಎಂದು ಅಭಿನವಗುಪ್ತ ವಿವರಿಸುತ್ತಾನೆ. ಕನ್ನಡಿಯನ್ನು ಉಜ್ಜದೆ ಇಟ್ಟು ಮುಖದಲ್ಲಿ ಮಚ್ಚೆಯಿದೆ ಎನ್ನುವುದು ಸುಲಭ. ಅಭಿಪ್ರಾಯ ಹೇಳುವ ಮೊದಲು, ಈ ಮಚ್ಚೆ ಪುಸ್ತಕದ್ದೋ ನನ್ನದೋ ಎಂದು ಒಮ್ಮೆ ಕೇಳಿಕೊಳ್ಳುವುದು ಓದುಗನ ಧರ್ಮವೆಂದು ಈಗ ನನಗೆ ತೋರುತ್ತದೆ. ಕೇಳಿಕೊಂಡಮೇಲೂ ಪುಸ್ತಕ ಕೆಟ್ಟದ್ದೆಂದು ಕಂಡರೆ ಧೈರ್ಯವಾಗಿ ಹೇಳಬೇಕು. ದಾಕ್ಷಿಣ್ಯಕ್ಕೆ ಮೆಚ್ಚುವುದು ವಿನಯವಲ್ಲ.

ದಾಕ್ಷಿಣ್ಯವೆಂದ ಕೂಡಲೇ ಬರಲಿರುವ ಕಾದಂಬರಿಗಳ ಮಾತು ಬರುತ್ತದೆ. ನಿರೀಕ್ಷೆಯನ್ನು ನಾನು ತಪ್ಪೆನ್ನುವುದಿಲ್ಲ. ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ ನಮ್ಮ ತಾಯಿ ಮುಂದಿನ ವಾರದ ಕಂತಿಗೆ ಕಾಯುತ್ತ, ನೆರೆಮನೆಯವರೊಡನೆ ನಾಯಕಿಯ ಭವಿಷ್ಯವನ್ನು ಚರ್ಚಿಸುತ್ತಿದ್ದಳು. ಆ ಊಹೆ ಸುಳ್ಳಾದಾಗ ಅವಳಿಗೆ ಆಗುತ್ತಿದ್ದ ಸಂತೋಷ ದೊಡ್ಡದು. ಊಹೆ ಸುಳ್ಳಾಗುವುದಕ್ಕೆ ಸಿದ್ಧವಾಗಿರುವವರೆಗೆ ನಿರೀಕ್ಷೆ ನಿರ್ದೋಷಿ. ಅದು ತೀರ್ಪಿನ ವೇಷ ತೊಟ್ಟಾಗ ಕೆಡುತ್ತದೆ. ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಭಾಸ, ಸೌಮಿಲ್ಲ, ಕವಿಪುತ್ರರಂಥ ಹೆಸರಾಂತರು ಇರುವಾಗ ಈ ಕಾಳಿದಾಸನ ನಾಟಕವೇಕೆ ಎಂದು ಪ್ರಶ್ನೆ ಏಳುತ್ತದೆ. ತೆರೆ ಏಳುವ ಮೊದಲೇ ತೀರ್ಪು ಕೊಡುವವರು ಕಾಳಿದಾಸನ ಕಾಲದಲ್ಲಿಯೂ ಇದ್ದರೆಂಬುದು ನಮಗೊಂದು ಸಮಾಧಾನ. ಅವನಿಗೆ ಅದು ಸಮಾಧಾನವಾಗಿರಲಾರದು.

ತೆಗಳಿಕೆಯ ತಪ್ಪನ್ನು ಹೇಳಿದೆ, ಹೊಗಳಿಕೆಯದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ತಮ್ಮ ಮೊದಲ ಕಾದಂಬರಿಗೆ ಬೆನ್ನುಡಿ ಕೇಳಿದರು. ಐವತ್ತು ಪುಟ ಕಳುಹಿಸಿದ್ದರು, ಅಚ್ಚಿಗೆ ಅವಸರವಿತ್ತು. ಮಾನವ ಸಂಬಂಧಗಳ ಸೂಕ್ಷ್ಮ ಶೋಧವೆಂದು ನಾಲ್ಕು ಸಾಲು ಬರೆದುಕೊಟ್ಟೆ. ಈ ಮಾತು ಯಾವ ಕಾದಂಬರಿಗೆ ಹೊಂದುವುದಿಲ್ಲ? ಪುಸ್ತಕ ಬಂದ ತಿಂಗಳಿಗೆ ನನ್ನ ತರಗತಿಯ ಹುಡುಗಿಯೊಬ್ಬಳು ಅದನ್ನು ಹಿಡಿದು ಬಂದಳು. “ನಿಮ್ಮ ಹೆಸರು ನೋಡಿ ತಗೊಂಡೆ ಸಾರ್. ಕೊನೆಯಲ್ಲಿ ಆ ತಾಯಿ ಮನೆ ಬಿಟ್ಟು ಹೋಗುವುದು ಸರಿಯೇ?” ಎಂದಳು. ತಾಯಿ ಮನೆ ಬಿಡುವುದು ನನಗೆ ಆಗಲೇ ಗೊತ್ತಾದದ್ದು. “ನಿನಗೇನನ್ನಿಸುತ್ತದೆ?” ಎಂದೆ. ಅಧ್ಯಾಪಕರ ಹಳೆಯ ಉಪಾಯ. ಅವಳು ಕಾಲು ಗಂಟೆ, ಕಣ್ಣು ತುಂಬಿಕೊಂಡು, ತನ್ನ ಅನಿಸಿಕೆ ಹೇಳಿದಳು. ನಾನು ತಲೆದೂಗುತ್ತ ಕುಳಿತೆ. ಆ ಪುಸ್ತಕದ ಬೆಲೆ ಇನ್ನೂರು ರೂಪಾಯಿಯ ಮೇಲಿತ್ತು. ಬಸ್ ಪಾಸಿಗೂ ಲೆಕ್ಕ ಹಾಕುವ ಮನೆಯ ಹುಡುಗಿ ಅವಳು. ಊಟದ ಮನೆಯಲ್ಲಿ ಗೆಳೆಯನ ಮುಂದೆ ತಲೆ ತಗ್ಗಿಸಿದ್ದಕ್ಕಿಂತ ಇದು ಹೆಚ್ಚೆಂದು ನನಗನ್ನಿಸಿತು. ಅಂದು ತಪ್ಪು ಮಾಡಿದ್ದು ಗೊತ್ತಿಲ್ಲದೆ, ಇಂದು ಗೊತ್ತಿದ್ದು.

ಈಗ ಆ ಮಿತ್ರರ ಎರಡನೆಯ ಕಾದಂಬರಿ ಅಚ್ಚಿಗೆ ಸಿದ್ಧವಾಗಿದೆ. ಮತ್ತೆ ಬೆನ್ನುಡಿ ಕೇಳಿದರು. ಪೂರ್ತಿ ಓದಿಯೇ ಬರೆಯುತ್ತೇನೆ, ಬರೆಯಲಾಗದಿದ್ದರೆ ಬರೆಯುವುದಿಲ್ಲ ಎಂದೆ. “ಎಲ್ಲರೂ ಹೀಗೇ ಬರೆಯುವುದಪ್ಪ, ನಿಮಗೇನು ಹೊಸದಾಗಿ ಧರ್ಮಸಂಕಟ?” ಎಂದು ನೊಂದುಕೊಂಡರು. ಎರಡು ವಾರ ಮಾತಿಲ್ಲ. ನಮ್ಮ ಇಪ್ಪತ್ತು ವರ್ಷದ ಸ್ನೇಹ ನಾಲ್ಕು ಸಾಲಿಗೆ ಮುರಿಯಿತೇ ಎಂದು ನಾನೂ ಹೆದರಿದೆ. ಮೂರನೆಯ ವಾರ ಅಂಚೆಯಲ್ಲಿ ಒಂದು ದಪ್ಪ ಕಟ್ಟು ಬಂತು. ಮುನ್ನೂರಕ್ಕೂ ಹೆಚ್ಚು ಹಾಳೆ, ಜೊತೆಗೆ ಚೀಟಿಯಿಲ್ಲ.

ನಿನ್ನೆ ರಾತ್ರಿಗೆ ನೂರನಲವತ್ತನೆಯ ಪುಟಕ್ಕೆ ಬಂದಿದ್ದೇನೆ. ಹೇಗಿದೆ ಎಂದು ಮಾತ್ರ ಈಗ ಕೇಳಬೇಡಿ.