ಸಂಬಂಧದ ಸಾಕ್ಷಿ

ಎರಡು ವಸ್ತುಗಳಿಗೆ ಸಂಬಂಧವುಂಟೆಂದು ಹೇಳುವಾಗ ಆ ಸಂಬಂಧವು ಎಲ್ಲಿ ನೆಲೆಸಿರುತ್ತದೆಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಕೈಬಿಡದೆ ವಿಚಾರಿಸಿದ್ದಾರೆ. ಗಿಡುಗವು ಕಂಬದ ಮೇಲೆ ಬಂದು ಕುಳಿತಾಗ ಒಂದರ ಚಲನೆಯಿಂದಲೂ, ಮಲ್ಲರಿಬ್ಬರು ಕೈಕೈ ಹಿಡಿದಾಗ ಇಬ್ಬರ ಚಲನೆಯಿಂದಲೂ ಸಂಯೋಗವು ಹುಟ್ಟುವುದೆಂದೂ, ಅಗಲಿದೊಡನೆ ಅದು ನಾಶವಾಗುವುದೆಂದೂ ಹೇಳಿದ ವೈಶೇಷಿಕರು, ನೂಲಿಗೂ ಬಟ್ಟೆಗೂ ಇರುವಂಥ ಅಗಲದ ಸಂಬಂಧಕ್ಕಾಗಿ ಸಮವಾಯವೆಂಬ ಪ್ರತ್ಯೇಕ ಪದಾರ್ಥವನ್ನೇ ಒಪ್ಪಿದರು. ಎರಡನ್ನು ಕೂಡಿಸುವುದಕ್ಕೆ ಮೂರನೆಯದು ಬೇಕಾದರೆ, ಆ ಮೂರನೆಯದನ್ನು ಅವೆರಡಕ್ಕೆ ಕೂಡಿಸಲು ಮತ್ತೊಂದು ಬೇಡವೇ ಎಂದು ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಅನವಸ್ಥಾದೋಷವನ್ನು ತೋರಿಸಿದರು. ಬೌದ್ಧನಾದ ಧರ್ಮಕೀರ್ತಿಯಾದರೋ ‘ಸಂಬಂಧಪರೀಕ್ಷೆ’ಯೆಂಬ ಕಿರುಗ್ರಂಥವನ್ನೇ ರಚಿಸಿ, ಸಂಬಂಧವೆಲ್ಲವೂ ಬುದ್ಧಿಕಲ್ಪಿತವೆಂದು ಸಾಧಿಸಹೊರಟನು.

ಮೊಬೈಲ್ ಫೋನನ್ನು ತಂತಿಯಿಲ್ಲದೆ ಕಂಪ್ಯೂಟರಿಗೆ ಜೋಡಿಸುವ ಬ್ಲೂಟೂತ್ ವ್ಯವಸ್ಥೆಯನ್ನು ಕುರಿತು ಆಲೋಚಿಸಿದಾಗ ಈ ಹಳೆಯ ವಿವಾದವು ನನಗೆ ಹೊಸ ಬೆಳಕಿನಲ್ಲಿ ಕಾಣುತ್ತದೆ. ಇಲ್ಲಿ ಗಿಡುಗವೂ ಕಂಬವೂ ಇಲ್ಲ. 79 ತರಂಗಪಥಗಳಲ್ಲಿ ಸೆಕೆಂಡಿಗೆ 1600 ಬಾರಿ ಒಂದರಿಂದ ಇನ್ನೊಂದಕ್ಕೆ ನೆಗೆಯುವ ಸಂಕೇತಗಳನ್ನು ಎರಡು ಯಂತ್ರಗಳೂ ಒಂದೇ ಕಾಲಗಣನೆಯಿಂದ ಹಿಂಬಾಲಿಸುತ್ತವೆ. ಫೋನನ್ನು ಪರಸ್ಥಳಕ್ಕೆ ಒಯ್ದೊಡನೆ ಸಂಯೋಗವೇನೋ ನಾಶವಾಗುತ್ತದೆ; ಆದರೆ ಸಂಬಂಧವು ನಾಶವಾಗುವುದಿಲ್ಲ. ಮೊದಲ ಜೋಡಣೆಯಲ್ಲಿ ಹುಟ್ಟಿದ ಗುಪ್ತಸಂಖ್ಯೆಯೊಂದು ಎರಡರ ಸ್ಮರಣೆಯಲ್ಲಿಯೂ ಉಳಿದಿದ್ದು, ಅವು ಮತ್ತೆ ಸಮೀಪಕ್ಕೆ ಬಂದಾಗ, ಹಿಂದೆ ಕಂಡ ದೇವದತ್ತನೇ ಇವನೆಂಬಂತೆ, ಪ್ರತ್ಯಭಿಜ್ಞೆಗೆ ಕಾರಣವಾಗುತ್ತದೆ. ಒಂದು ಯಂತ್ರವು ಅದನ್ನು ಅಳಿಸಿಬಿಟ್ಟರೆ ಇನ್ನೊಂದರ ನೆನಪಿನಿಂದ ಪ್ರಯೋಜನವಿಲ್ಲ. ಆದುದರಿಂದ ಸಂಬಂಧವು ನಡುವೆ ನಿಂತ ಮೂರನೆಯ ವಸ್ತುವೂ ಅಲ್ಲ, ಕೇವಲ ಕಲ್ಪನೆಯೂ ಅಲ್ಲ. ಎರಡೂ ಕಡೆ ಉಳಿದ ಸಂಸ್ಕಾರವೆಂದು ಹೇಳಬಹುದೆಂದು ನನಗೆ ತೋರುತ್ತದೆ. ಸಂಸ್ಕಾರವೆಂಬ ಮಾತನ್ನು ಬಳಸಿದರೂ ಯಂತ್ರಕ್ಕೆ ಆತ್ಮವನ್ನು ಆರೋಪಿಸುವ ಉದ್ದೇಶ ನನಗಿಲ್ಲ.

ಆದರೆ ಆ ಗುಪ್ತಸಂಖ್ಯೆಯು ಹುಟ್ಟುವ ಬಗೆಯಲ್ಲಿ ಇದಕ್ಕಿಂತ ಗಹನವಾದ ವಿಷಯವೊಂದಿದೆ. ಬಯಲಿನಲ್ಲಿ ಎಲ್ಲರಿಗೂ ಕೇಳುವಂತೆ ಮಾತನಾಡಿಯೂ, ಕೇಳಿದವರಾರೂ ಊಹಿಸಲಾಗದ ರಹಸ್ಯವನ್ನು ಇಬ್ಬರು ಹೇಗೆ ಪಡೆಯಬಹುದೆಂಬುದನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಗೂಢಲಿಪಿತಜ್ಞರು ಪ್ರಕಟಿಸಿದರು. ಈ ಉಪಾಯವು ರಹಸ್ಯವನ್ನು ಕೊಡುತ್ತದೆಯೇ ಹೊರತು ಎದುರಿಗಿರುವವನು ಯಾರೆಂಬುದನ್ನು ತಿಳಿಸುವುದಿಲ್ಲ. ಮಧ್ಯದಲ್ಲೊಬ್ಬ ವಂಚಕನು ನಿಂತು ಫೋನಿಗೆ ಕಂಪ್ಯೂಟರಾಗಿಯೂ ಕಂಪ್ಯೂಟರಿಗೆ ಫೋನಾಗಿಯೂ ನಟಿಸಬಲ್ಲನು. ಇದರ ನಿವಾರಣೆಗಾಗಿ 2007ರ ಬ್ಲೂಟೂತ್ ಮಾನದಂಡದಲ್ಲಿ ಎರಡು ಪರದೆಗಳ ಮೇಲೂ ಆರು ಅಂಕಿಗಳ ಸಂಖ್ಯೆಯನ್ನು ತೋರಿಸುವ ವಿಧಾನವು ಬಂದಿತು. ವಂಚಕನಿದ್ದಲ್ಲಿ ಅವೆರಡೂ ಅಕಸ್ಮಾತ್ತಾಗಿ ಒಂದೇ ಆಗುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಆದರೆ ಹೋಲಿಸಿ ನೋಡತಕ್ಕವರು ಯಾರು? ಪ್ರತಿಯೊಂದು ಯಂತ್ರವೂ ತನ್ನ ಸಂಖ್ಯೆಯನ್ನು ಮಾತ್ರ ಬಲ್ಲುದು. ಅದನ್ನು ಇನ್ನೊಂದಕ್ಕೆ ಹೇಳಿಕಳುಹಿಸಿದರೆ ಆ ಮಾತೂ ವಂಚಕನ ಕೈಯಿಂದಲೇ ಹಾದುಹೋಗಬೇಕು. ಸಂದೇಶಕ್ಕೆ ಪ್ರಮಾಣವಾಗಿ ಮತ್ತೊಂದು ಸಂದೇಶ, ಅದಕ್ಕೆ ಇನ್ನೊಂದು, ಹೀಗೆ ಅನವಸ್ಥೆಯೇ ಬೆಳೆಯುತ್ತದೆ. ಎರಡು ಪರದೆಗಳನ್ನೂ ಕಂಡ ಮನುಷ್ಯನು ಹೌದೆಂದಾಗ ಮಾತ್ರ ಅದು ನಿಲ್ಲುತ್ತದೆ.

ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಶ್ರೀ ಮಧ್ವಾಚಾರ್ಯರು, ಒಂದು ಜ್ಞಾನದ ಪ್ರಾಮಾಣ್ಯವನ್ನು ಇನ್ನೊಂದು ಜ್ಞಾನವೇ ನಿಶ್ಚಯಿಸಬೇಕಾದರೆ ಇಂಥದೇ ಅನವಸ್ಥೆಯುಂಟಾಗಿ ಎಲ್ಲಿಯೂ ನೆಲೆ ದೊರೆಯದೆಂದು ಕಂಡು, ಆತ್ಮಸ್ವರೂಪವೇ ಆದ ಸಾಕ್ಷಿಯಲ್ಲಿ ಅದಕ್ಕೆ ನಿಲುಗಡೆಯನ್ನು ಹೇಳಿದರು. ಅವರು ಈ ಯಂತ್ರಗಳನ್ನು ಮುಂಗಂಡಿದ್ದರೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅಗೌರವವೆಂದೇ ನನ್ನ ಭಾವನೆ. ಭೇದವೂ ಸಣ್ಣದಲ್ಲ: ಆಚಾರ್ಯರ ಸಾಕ್ಷಿಯು ತಪ್ಪನ್ನರಿಯದು, ನಾವು ಯಂತ್ರಕ್ಕೆ ಕೊಡುವುದಾದರೋ ಪ್ರಮಾದಕ್ಕೆ ಗುರಿಯಾಗುವ ಕಣ್ಣಿನ ಪ್ರತ್ಯಕ್ಷವನ್ನು. ಸಂಖ್ಯೆಗಳನ್ನು ಓದದೆಯೇ ಒಪ್ಪಿಗೆಯನ್ನು ಒತ್ತುವವರು ಬಹಳ ಮಂದಿ. ಯಂತ್ರವು ಅದನ್ನೂ ಸಾಕ್ಷ್ಯವೆಂದೇ ಸ್ವೀಕರಿಸುತ್ತದೆ. ಪರದೆಯೇ ಇಲ್ಲದ ಇಯರ್‌ಫೋನಿನಲ್ಲಿಯಂತೂ ಹೋಲಿಸಲು ಸಂಖ್ಯೆಯೇ ಇಲ್ಲ. ಸಾಮಾನ್ಯವಾಗಿ ಅಲ್ಲಿ ಯಾರ ಸಾಕ್ಷ್ಯವೂ ಇಲ್ಲದೆ ಗುಪ್ತಸಂಖ್ಯೆಯು ಹುಟ್ಟುತ್ತದೆ, ಧ್ವನಿಯೂ ಕೇಳುತ್ತದೆ, ಮಧ್ಯವರ್ತಿಯಾದ ವಂಚಕನಿಂದ ಅಂಥ ಜೋಡಣೆಗೆ ರಕ್ಷಣೆಯಿಲ್ಲವೆಂದು ಮಾನದಂಡವೇ ಒಪ್ಪಿಕೊಂಡಿದೆ.