ಮಿತವ್ಯಯವೂ ಪರಿಗ್ರಹ ಪರಿಮಾಣವೂ

ಶಿರೋಳದಂತಹ ಎರೆನೆಲದ ಊರಿನಲ್ಲಿ ಬಾಳುವ ಒಬ್ಬ ಶ್ರಾವಿಕೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಆಕೆಗೆ ಐವತ್ತೆಂಟು ವರ್ಷ. ಅನಂತನ ನೋಂಪಿಯನ್ನು ಹಿಡಿದು ಹದಿನಾಲ್ಕು ಭಾದ್ರಪದಗಳು ಸಂದಿವೆ. ಇನ್ನು ಉದ್ಯಾಪನೆಯೊಂದು ಉಳಿದಿದೆ. ಮನೆಗೆ ಎಂಟು ಎಕರೆ ಹೊಲ. ಆ ವರ್ಷ ಮುಂಗಾರಿಯ ಹೆಸರು ಮಳೆಗೆ ಸಿಕ್ಕು ಕೆಟ್ಟಿದೆ. ಹಿಂಗಾರಿಯ ಬಿಳಿಜೋಳ, ಕಡಲೆ ಇನ್ನೂ ಬಿತ್ತನೆಯನ್ನೇ ಕಂಡಿಲ್ಲ. ಆದರೂ ಮಗನು, ತಾಯಿಯ ಉದ್ಯಾಪನೆ ಹತ್ತು ಜನರ ಬಾಯಲ್ಲಿ ಹೊಗಳಿಸಿಕೊಳ್ಳುವಂತೆ ನಡೆಯಬೇಕೆಂದು ನಿಶ್ಚಯಿಸಿ, ಖಾಸಗಿಯಾಗಿ ನೂರಕ್ಕೆ ಮೂರರಂತೆ ಬಡ್ಡಿಗೆ 50,000 ರೂಪಾಯಿ ತರಲು ಹೊರಟಿದ್ದಾನೆ. ತಿಂಗಳಿಗೆ 1,500, ವರ್ಷಕ್ಕೆ 18,000. ಮೂರು ವರ್ಷ ತುಂಬುವಷ್ಟರಲ್ಲಿ ಬಡ್ಡಿಯೊಂದೇ 54,000 ಆಗಿ ಅಸಲನ್ನು ಮೀರುತ್ತದೆ. ಧರ್ಮಕ್ಕಾಗಿ ಮಾಡಿದ ಸಾಲವು ಧರ್ಮವೇ ಆಗುವುದೆ? ಇದು ಪ್ರಶ್ನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಇದೆ: ಖರ್ಚು ಮಾಡದೆ ಕೂಡಿಡುವುದಾದರೂ ಧರ್ಮವೆ?

ಎರಡನೆಯದನ್ನು ಮೊದಲು ವಿಚಾರಿಸುವುದು ಯುಕ್ತ. ಮಿತವ್ಯಯಿಯನ್ನು ಅಪರಿಗ್ರಹಿಯೆಂದು ತಿಳಿಯುವ ರೂಢಿ ನಮ್ಮ ಮನೆಗಳಲ್ಲಿ ಬಲವಾಗಿದೆ. ಹರಿದ ಅಂಗಿಯನ್ನು ಹೊಲಿಸಿ ತೊಡುವವನನ್ನು ಕಂಡರೆ ಸಾಧುಸ್ವಭಾವದವನೆಂದು ಎಣಿಸುತ್ತಾರೆ. ಆದರೆ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಹೇಳಲಿಲ್ಲ, ಮೂರ್ಛೆಯಲ್ಲಿ ಹೇಳಿದರು. ಹರಿದ ಅಂಗಿಯ ಕಿಸೆಯಲ್ಲಿಯೂ ಮೂರ್ಛೆಯು ಸುಖವಾಗಿ ವಾಸಿಸಬಲ್ಲದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪಾಪಕ್ಕೆ ದೃಷ್ಟಾಂತವಾಗಿ ಹೆಸರಿಸಿದವನು ಭೋಗಿಯೂ ಅಲ್ಲ, ದುಂದುಗಾರನೂ ಅಲ್ಲ, ಶ್ಮಶ್ರುನವನೀತನೆಂಬ ಕಡುಜಿಪುಣ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನದಿನವೂ ತೆಗೆದಿಟ್ಟು ಒಂದು ಪಾತ್ರೆ ತುಪ್ಪ ಕೂಡಿಸಿದನಂತೆ. ಚಳಿಗಾಲದ ರಾತ್ರಿ ಗುಡಿಸಲಿನಲ್ಲಿ ಕಾಲ ಬಳಿ ಬೆಂಕಿಯಿಟ್ಟುಕೊಂಡು ಮಲಗಿ, ಈ ತುಪ್ಪದಿಂದ ವ್ಯಾಪಾರ, ವ್ಯಾಪಾರದಿಂದ ಐಶ್ವರ್ಯ, ಐಶ್ವರ್ಯದಿಂದ ಅರಸುತನ, ಕಾಲೊತ್ತುವ ಸ್ತ್ರೀರತ್ನ ಎಂದು ಎಣಿಸುತ್ತ, ಅವಳನ್ನು ಪ್ರೀತಿಯಿಂದ ಒದೆಯುವ ಭಾವದಲ್ಲಿ ಕಾಲನ್ನು ಜಾಡಿಸಿದನು. ಪಾತ್ರೆ ಬೆಂಕಿಗೆ ಉರುಳಿತು. ಗುಡಿಸಲೂ ಸುಟ್ಟಿತು, ಅವನೂ ಸುಟ್ಟನು. ಉಳಿತಾಯದಲ್ಲಿ ಇವನನ್ನು ಮೀರಿಸಿದವರಿಲ್ಲ. ದುರ್ಗತಿಗೆ ಹೋದದ್ದೂ ಇವನೇ.

ಆದುದರಿಂದ ಮಿತವ್ಯಯವೆಂಬುದು ಸ್ವತಃ ವ್ರತವಲ್ಲ. ವ್ರತಕ್ಕೆ ಒದಗುವ ಸಾಧನ. ಕುಡುಗೋಲು ಬೆಳೆಯನ್ನೂ ಕೊಯ್ಯುವುದು, ಕೈಯನ್ನೂ ಕೊಯ್ಯುವುದು.

ವ್ರತವಾಗುವುದು ಪರಿಮಾಣದಿಂದ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ ಮೊದಲಾದವುಗಳಲ್ಲಿ ಇಷ್ಟು ಸಾಕೆಂದು ಎಲ್ಲೆ ಕಟ್ಟಿ, ಅದರಾಚೆಗಿನದರಲ್ಲಿ ಇಚ್ಛೆಯನ್ನೂ ಬಿಡುವುದು. ಈ ವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳನ್ನು ಓದಿದರೆ, ಅವರು ಮಠದೊಳಗೆ ಕುಳಿತು ಬರೆದರೋ ಸಂತೆಯಲ್ಲಿ ನಿಂತು ಬರೆದರೋ ಎಂಬ ಸಂಶಯವುಂಟಾಗುತ್ತದೆ. ಲೋಭದಿಂದ ಎತ್ತುಗಳನ್ನು ಶಕ್ತಿಮೀರಿ ನಡೆಸುವುದು ಅತಿವಾಹನ. ಹೆಚ್ಚು ಭಾರ ಹೇರುವುದು ಅತಿಭಾರವಹನ. ಮುಂದೆ ಬೆಲೆ ಏರೀತೆಂದು ಕಾಳನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಲಾಭ ಬಂದ ಮೇಲೆಯೂ ಇನ್ನಷ್ಟಕ್ಕೆ ಬಾಯಿಬಿಡುವುದು ಲೋಭ. ಉಳಿದದ್ದು ವಿಸ್ಮಯ. ತಾನು ಮಾರಿದ ಮೇಲೆ ನೆರೆಯವನಿಗೆ ಹೆಚ್ಚಿನ ಧಾರಣೆ ಸಿಕ್ಕಿದುದನ್ನು ಕಂಡು ಬೆರಗಾಗಿ ವಿಷಾದಪಡುವುದು. ಹೆಸರನ್ನಾಗಲಿ ಕಡಲೆಯನ್ನಾಗಲಿ ಮಾರುಕಟ್ಟೆಗೆ ಒಯ್ದು ಬಂದ ಒಕ್ಕಲಿಗನು ಎದೆ ಮುಟ್ಟಿಕೊಂಡು ಹೇಳಲಿ, ಈ ಐದನೆಯದರಿಂದ ಅವನು ಪಾರಾಗಿರುವನೆ? ಅವನ ಹಣವೇನೂ ಕಳೆದಿಲ್ಲ. ಬಯಸಿದ ಬೆಲೆಯೇ ಬಂದಿದೆ. ಆದರೂ ರಾತ್ರಿ ನಿದ್ರೆ ಬಾರದು.

ಎಲ್ಲೆಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲಿಯೂ ಜಾಣತನದ ದಾರಿಗಳುಂಟು. ಎಂಟು ಎಕರೆಯವನು ಸಾವಿರ ಎಕರೆಯ ಪರಿಮಾಣ ಮಾಡಿ ವ್ರತಿಕನೆನಿಸಿಕೊಂಡರೆ ಅದು ವ್ರತದ ಅಣಕ. ಇನ್ನೊಂದು ತೊಡಕು ಈ ಕಾಲದ್ದು. ಐವತ್ತು ವರ್ಷಗಳ ಹಿಂದೆ ಹತ್ತು ಸಾವಿರ ರೂಪಾಯಿಗೆ ಎಲ್ಲೆ ಕಟ್ಟಿದವನ ಹತ್ತು ಸಾವಿರವು ಇಂದು ಒಂದು ಸಂಸಾರದ ತಿಂಗಳ ಗ್ರಾಸಕ್ಕೂ ಕಷ್ಟ. ಅವನು ಎಲ್ಲೆಯನ್ನು ಏರಿಸಬಹುದೆ? ಏರಿಸಿದರೆ ಭಂಗವೆಂದು ಕೆಲವರು, ರೂಪಾಯಿಯ ಮೌಲ್ಯವೇ ಇಳಿದಾಗ ಏರಿಕೆ ಏರಿಕೆಯಲ್ಲವೆಂದು ಕೆಲವರು ವಾದಿಸಬಹುದು. ಎರಡನೆಯ ವಾದದಲ್ಲಿ ಸತ್ಯಾಂಶವಿದ್ದರೂ, ತನ್ನ ಎಲ್ಲೆಯನ್ನು ತಾನೇ ಸರಿಸುವ ಅಭ್ಯಾಸವು ಒಳ್ಳೆಯದಲ್ಲ. ಒಮ್ಮೆ ಸರಿದ ಬದುವು ಮರುವರ್ಷವೂ ಸರಿಯುತ್ತದೆ. ಗುರುಗಳ ಎದುರಿನಲ್ಲಿ ನಿವೇದಿಸಿ ಅವರ ಆಜ್ಞೆಯಂತೆ ನಡೆಯುವುದೇ ಲೇಸು. ಹೊಸದಾಗಿ ವ್ರತ ಹಿಡಿಯುವವರಿಗಂತೂ ದಾರಿ ಸುಲಭ. ಆಚಾರ್ಯರ ಎಣಿಕೆಯಲ್ಲಿ ನಾಣ್ಯಕ್ಕಿಂತ ಮೊದಲು ಹೊಲ, ಮನೆಗಳು ಬರುತ್ತವೆ. ಇಷ್ಟು ಎಕರೆ, ಇಷ್ಟು ಕೋಣೆ, ಇಷ್ಟು ತೊಲೆ ಬಂಗಾರ, ಮನೆಮಂದಿಗೆ ಇಷ್ಟು ವರ್ಷದ ಕಾಳು ಎಂದು ಕಟ್ಟಿದ ಎಲ್ಲೆಯನ್ನು ಬೆಲೆಯೇರಿಕೆಯು ಅಲುಗಿಸಲಾರದು.

ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಧನಹಾನಿಗೆ ಗುರಿಯಾಗುವ ಮೂವರನ್ನು ಗುರುತಿಸಿದ್ದಾರೆ: ಬಂದುದನ್ನು ಮುಂದಾಲೋಚನೆಯಿಲ್ಲದೆ ಅಂದಂದೇ ಕಳೆಯುವ ತಾದಾತ್ವಿಕ, ಹಿರಿಯರ ಗಳಿಕೆಯನ್ನು ತಿಂದು ಮುಗಿಸುವ ಮೂಲಹರ, ತನ್ನನ್ನೂ ಆಶ್ರಿತರನ್ನೂ ಪೀಡಿಸಿ ಕೂಡಿಡುವ ಕದರ್ಯ. ಜಿಪುಣನನ್ನೂ ದುಂದುಗಾರನನ್ನೂ ಒಂದೇ ಸಾಲಿನಲ್ಲಿ ಕೂರಿಸಿದುದು ಗಮನಾರ್ಹ. ಗಳಿಕೆಯಲ್ಲಿ ಒಂದು ಪಾಲು ನಿಧಿಗೆ, ಒಂದು ವ್ಯವಹಾರಕ್ಕೆ, ಒಂದು ಧರ್ಮಕ್ಕೂ ಉಪಭೋಗಕ್ಕೂ, ಒಂದು ಆಶ್ರಿತರ ಪೋಷಣೆಗೆ ಎಂಬ ಹಂಚಿಕೆಯೂ ಶ್ರಾವಕಾಚಾರದ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ನಾಲ್ಕು ಪಾಲು ಸರಿಸಮನಾಗಿ ಹಂಚಲು ಸಣ್ಣ ಹಿಡುವಳಿಯವನಿಂದ ಆಗದಿರಬಹುದು. ಆದರೆ ನಿಧಿಯ ಪಾಲು ಶೂನ್ಯವಾದ ಮನೆಯಲ್ಲಿ ಒಂದು ಮಳೆ ತಪ್ಪಿದರೆ ಉಳಿದ ಮೂರೂ ಪಾಲುಗಳು ಸಾಲಗಾರನ ಕೈ ಸೇರುತ್ತವೆ.

ನರಗುಂದ ಸೀಮೆಗೆ ಇದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ಕಾಲುವೆ ಈ ಭಾಗಕ್ಕೆ ಬಂದಿತು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿಯು ಆರಂಭದಲ್ಲಿ ಒಳ್ಳೆಯ ಹಣ ತಂದಿತು. ಜೋಳದ ಹೊಲಗಳು ಹತ್ತಿಯ ಹೊಲಗಳಾದವು, ಬೀಜ ಗೊಬ್ಬರಗಳಿಗೆ ಸಾಲ ಬೆಳೆಯಿತು. ಆಮೇಲೆ ಧಾರಣೆ ಕುಸಿಯಿತು. ಅತ್ತ ನೀರು ತಲುಪದ ಹೊಲಗಳ ಮೇಲೂ ಅಭಿವೃದ್ಧಿ ಕರದ ಒತ್ತಾಯ ಬಂದಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಆಕ್ರೋಶ ಸ್ಫೋಟಗೊಂಡು ಗೋಲೀಬಾರಿನಲ್ಲಿ ಪ್ರಾಣಹಾನಿಯಾದುದು ನಾಡಿಗೆಲ್ಲ ತಿಳಿದದ್ದು. ರೈತರು ಮಿತವ್ಯಯಿಗಳಾಗಿದ್ದರೆ ಇದೆಲ್ಲ ಆಗುತ್ತಿರಲಿಲ್ಲವೆಂದು ಉಪದೇಶಿಸುವವರಿಗೆ ಹೃದಯವಿಲ್ಲ. ಅನ್ಯಾಯದ ಕರವನ್ನು ರೊಟ್ಟಿ ಕಡಿಮೆ ತಿಂದು ತೀರಿಸಲಾಗದು. ಆದರೂ ಹಗೇವಿನಲ್ಲಿ ಎರಡು ವರ್ಷದ ಜೋಳವಿದ್ದ ಮನೆಗೂ, ಹೊಲವೆಲ್ಲ ಹತ್ತಿ ಹಾಕಿ ಜೋಳವನ್ನು ಅಂಗಡಿಯಿಂದ ಉದ್ರಿ ತರುತ್ತಿದ್ದ ಮನೆಗೂ ಆ ದಿನಗಳು ಒಂದೇ ತೂಕದವಾಗಿರಲಾರವು. ಬಯಕೆಗೆ ಎಲ್ಲೆಯಿದ್ದ ಮನೆಯಲ್ಲಿ ಹೊಲದ ಒಂದು ಭಾಗವಾದರೂ ಕಾಳಿಗೆ ಉಳಿಯುತ್ತದೆ.

ಕೂಡಿಡುವುದು ಮೂರ್ಛೆಯಾಗದಿರುವ ಉಪಾಯವನ್ನು ಈ ಜಿಲ್ಲೆಯೇ ತೋರಿಸಿಕೊಟ್ಟಿದೆ. 1904ರ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಒಬ್ಬನ ಉಳಿತಾಯವು ನೆರೆಯವನ ಬಿತ್ತನೆಗೆ ಒದಗಿ, ಹಂಗಾಮು ಮುಗಿದ ಮೇಲೆ ಮರಳಿ ಬರುತ್ತದೆ. ಹಣ ಮನೆಯಲ್ಲಿಲ್ಲ, ಆದರೆ ಕೆಟ್ಟುಹೋಗಿಯೂ ಇಲ್ಲ. ಇಂತಹ ಸಂಘದ ಲೆಕ್ಕಪುಸ್ತಕಗಳು ಶುದ್ಧವಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ; ಆಶಾಧರರು ಗೃಹಸ್ಥನ ಲಕ್ಷಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದುದು ಸುಮ್ಮನಲ್ಲ.

ಉಪವಾಸದ ಉಳಿತಾಯದ ಮಾತನ್ನೂ ಇಲ್ಲಿ ಆಡಬೇಕು. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ವರ್ಷಕ್ಕೆ ನಾಲ್ವತ್ತೆಂಟು ಉಪವಾಸ. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಜೋಳವೆಂದರೆ 24 ಕಿಲೋ ಉಳಿಯಿತು. ಇದು ಯಾರದು? ಮರುದಿನದ ಪಾರಣೆಯಲ್ಲಿ ಎರಡರಷ್ಟು ಉಂಡರೆ ಉಳಿದದ್ದೇ ಇಲ್ಲ. ಮಾರಿ ಗಂಟು ಮಾಡಿದರೆ ಉಪವಾಸವೂ ಒಂದು ವ್ಯಾಪಾರವಾಯಿತು. ತ್ಯಾಗ ಮಾಡಿದ ವಸ್ತುವಿನ ಮೇಲೆ ತ್ಯಾಗಿಗೆ ಮತ್ತೆ ಒಡೆತನ ಹೇಗೆ ಬಂದೀತು? ಆಹಾರದಾನಕ್ಕೆಂದು ಬೇರೆ ಗಡಿಗೆಯಲ್ಲಿ ಅಳೆದಿಡುವ ಮನೆಯವರು ಈ ಪ್ರಶ್ನೆಗೆ ಶಾಸ್ತ್ರ ತೆರೆಯದೆಯೇ ಉತ್ತರ ಕಂಡುಕೊಂಡಿದ್ದಾರೆ.

ಇನ್ನು ಆ ಉದ್ಯಾಪನೆ. ಆಡಂಬರವನ್ನು ಸಮರ್ಥಿಸುವವರು ಅತ್ತಿಮಬ್ಬೆಯ ಹೆಸರನ್ನು ಎತ್ತುತ್ತಾರೆ. 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಆಕೆ. ನಿಜ, ಆದರೆ ಆಕೆ ಕೊಟ್ಟದ್ದು ತನ್ನಲ್ಲಿದ್ದುದನ್ನು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿಗೆ ತಕ್ಕಂತೆ' ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಅಡಗಿಸಿಡಬಾರದು, ಹಾಗೆಯೇ ಇಲ್ಲದ ಶಕ್ತಿಯನ್ನು ಬಡ್ಡಿಗೆ ತರಲೂಬಾರದು. ವ್ರತವಿಧಾನಗಳಂತೂ ಇನ್ನೂ ಸ್ಪಷ್ಟ: ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನೇ ದ್ವಿಗುಣ ಮಾಡಬೇಕು. ಹಣದ ಬದಲಿಗೆ ಹಣವಲ್ಲ, ತಪಸ್ಸು. ಬಡವರ ಮೇಲಿನ ಕರುಣೆ ಇದಕ್ಕಿಂತ ಗೌರವವುಳ್ಳದ್ದಾಗಿ ಇನ್ನೆಲ್ಲಿ ಕಂಡೀತು!

ಮಗನು ಇದನ್ನು ಕೇಳಿ ಸುಮ್ಮನಾಗುವವನಲ್ಲ. "ಅವ್ವಾ, ಇನ್ನೊಂದು ಹದಿನಾಲ್ಕು ವರ್ಷ ಯಾರು ಕಂಡಾರು?" ಎಂದು ಕೇಳುತ್ತಾನೆ. ಅವನ ಆತಂಕದಲ್ಲಿ ಪ್ರೀತಿಯಿದೆ. ಎಪ್ಪತ್ತೆರಡಕ್ಕೆ ಮೊದಲೇ ಆಯುಷ್ಯ ತೀರಿದರೆ ನೋಂಪಿ ಅಪೂರ್ಣವಾಗುವುದಿಲ್ಲವೆ? ಆಗಬಹುದು. ಆದರೆ ಪ್ರಮಾದದಿಂದ ಬಿಟ್ಟದ್ದು ಭಂಗ. ಆಯುಃಕರ್ಮ ಮುಗಿದು ನಿಂತದ್ದು ಭಂಗವಲ್ಲ. ಪ್ರತಿ ಭಾದ್ರಪದದಲ್ಲಿಯೂ ಆಕೆಯ ಕಷಾಯ ಎಷ್ಟು ಕ್ಷೀಣಿಸಿತೋ ಅಷ್ಟು ಆಕೆಗೆ ಸಂದಿದೆ. ಸಾಲ ಮಾಡಿದ ಉದ್ಯಾಪನೆಯಲ್ಲಾದರೋ ಊರವರು ಉಂಡು ಹೋದ ಮೇಲೆ ಮನೆಯಲ್ಲಿ ಉಳಿಯುವುದು ಬಡ್ಡಿಯ ಚಿಂತೆ, ಅಂದರೆ ಆರ್ತಧ್ಯಾನ.

"ಸಾಲ ತೀರೂದನ್ನರ ಯಾರು ಕಂಡಾರಪ್ಪಾ?" ಎಂದು ಆಕೆ ಮಗನಿಗೆ ಮರಳಿ ಕೇಳಬಹುದು. ಬಳಿಕ ಬಸದಿಗೆ ಹೋಗಿ, ಅನಂತನಾಥ ಸ್ವಾಮಿಯ ಮುಂದೆ ಕೈಮುಗಿದು, ಮತ್ತೆ ಮೊದಲನೆಯ ವರ್ಷದ ನೋಂಪಿಯನ್ನು ಹಿಡಿಯಬಹುದು.