ಗುಜರಿ ಬೆಲೆಯ ಯೆಜ್ಡಿ

ಕೊಟ್ಟಿಗೆಯ ಮೂಲೆಯಲ್ಲಿ ಅದು ಗೋಡೆಗೆ ಒರಗಿ ನಿಂತಿತ್ತು. ಮೇಲೆ ಹುಲ್ಲಿನ ಹೊರೆ, ಹ್ಯಾಂಡಲ್‌ಗೆ ಸುತ್ತಿದ ದನದ ಹಗ್ಗ, ಸೀಟಿನೊಳಗೆ ಇಲಿಯ ಗೂಡು. ಟ್ಯಾಂಕಿನ ಧೂಳನ್ನು ಅಂಗೈಯಿಂದ ಒರೆಸಿದಾಗ ಯೆಜ್ಡಿ ಎಂಬ ಅಕ್ಷರಗಳು ಕಂಡವು. ಪಿರಿಯಾಪಟ್ಟಣದ ಕಡೆಯ ಹಳ್ಳಿ. ಮನೆಯ ಯಜಮಾನರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. "ಗುಜರಿಯವನು ಮೂರು ಸಾವಿರ ಅಂದ. ಅದರ ಮೇಲೆ ಏನಾದ್ರೂ ಹಾಕಿ ತಗೊಂಡೋಗಿ ಸಾಬ್ರೆ, ಜಾಗನಾದ್ರೂ ಬಿಡುವಾಗ್ಲಿ" ಎಂದರು ಆ ತಾಯಿ. ನಾನು 3,500 ರೂಪಾಯಿ ಕೊಟ್ಟೆ. ಅವರು ಸಂತೋಷದಿಂದ ಕಾಫಿ ಕೊಟ್ಟರು. ಗಾಡಿಯನ್ನು ಟೆಂಪೋಗೆ ಹಾಕಿ ಬರುವಾಗ ನನಗೆ ಬೇಟೆ ಸಿಕ್ಕಿದವನ ಹುರುಪು.

ಮೈಸೂರಿನವರಿಗೆ ಈ ಗಾಡಿಯ ಬಗ್ಗೆ ವಿವರಿಸಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿಯೇ ತಯಾರಿಸಿತು. ಮುಂದಿನ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಎಷ್ಟೋ ಗಾಡಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಮಾರುಕಟ್ಟೆಗೆ ಬಂದವು. ಹಳೆಯದನ್ನು ಹುಡುಕುವವರೂ ಹೆಚ್ಚಿದರು. ಈ ಸುದ್ದಿ ಆ ಕೊಟ್ಟಿಗೆಗೆ ತಲುಪಿರಲಿಲ್ಲ. ನನಗೆ ತಲುಪಿತ್ತು.

ಮಂಡಿ ಮೊಹಲ್ಲಾದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೆಲಸಕ್ಕೆ ಒಪ್ಪಿದರು. ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಸುರಿದು, ಗೇರಿಗೆ ಹಾಕಿ, ದಿನವೂ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸಿದೆವು. ಒಂಬತ್ತನೆಯ ದಿನ ಬಿಟ್ಟುಕೊಟ್ಟಿತು. ಟ್ಯಾಂಕಿನೊಳಗೆ ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ಕೆರೆದೆವು. ಕಾರ್ಬುರೇಟರಿನ ಜೆಟ್ ಒಣಗಿದ ಪೆಟ್ರೋಲಿನ ಅಂಟಿನಿಂದ ಮುಚ್ಚಿಹೋಗಿತ್ತು. ಕ್ರ್ಯಾಂಕಿನ ಸೀಲುಗಳು ಕಲ್ಲಿನಂತಾಗಿದ್ದವು. ಟೂ ಸ್ಟ್ರೋಕ್ ಎಂಜಿನ್ ಅಲ್ಲಿಂದ ಗಾಳಿ ಎಳೆದರೆ ಸರಿಯಾಗಿ ಓಡದು. ಮೂರು ತಿಂಗಳ ಭಾನುವಾರಗಳೂ 22,000 ರೂಪಾಯಿಯೂ ಹೋದವು. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಆ ಕೋಲನ್ನು ತುಳಿದಾಗ ಎರಡೂ ಸೈಲೆನ್ಸರುಗಳಿಂದ ಹೊಗೆ ಬಂತು. ಆ ಸದ್ದನ್ನು ಬರೆದು ತಿಳಿಸಲಾಗದು.

ಆಗ ಮೆಕ್ಯಾನಿಕ್ ಬೆಲೆ ಕೇಳಿದರು. ಹೇಳಿದೆ. "ಹಾಗೇ ಬಿಚ್ಚದೆ ನಿಲ್ಲಿಸಿದ್ರೂ ಇದಕ್ಕೆ ಮೂವತ್ತು ಸಾವಿರ ಕೊಡೋರಿದ್ರು. ಜಾಣ್ರು ಬಿಡಿ ಭಾಯ್!" ಎಂದರು. ಹೊಗಳಿಕೆಯೇ. ಆದರೆ ಅದು ಮುಳ್ಳಿನಂತೆ ಚುಚ್ಚಿತು.

ನಾನು ಸುಳ್ಳು ಹೇಳಿರಲಿಲ್ಲ. ಗಾಡಿಯನ್ನು ಹೀಗಳೆಯಲೂ ಇಲ್ಲ. ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆ. ಸುಮ್ಮನಿದ್ದೆ, ಅಷ್ಟೆ. ಸುಮ್ಮನಿರುವುದೂ ವಂಚನೆಯಾಗುವುದೇ?

ಸರಕಿನ ದೋಷ ಮುಚ್ಚಿಡಬಾರದೆಂದು ಮಾರುವವನಿಗೆ ಪ್ರವಾದಿವರ್ಯರು(ಸ) ವಿಧಿಸಿದ್ದು ನಮಗೆಲ್ಲ ಗೊತ್ತು. ಮೇಲೆ ಒಣಗಿ ಒಳಗೆ ಒದ್ದೆಯಾಗಿದ್ದ ಧಾನ್ಯರಾಶಿಯ ಪ್ರಸಂಗವನ್ನು ಜುಮಾ ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕೊಳ್ಳುವವನ ಮೌನದ ಬಗ್ಗೆ ಕೇಳುವುದು ಕಡಿಮೆ. ಊರಿಗೆ ಬರುತ್ತಿರುವ ವರ್ತಕರನ್ನು ದಾರಿಯಲ್ಲೇ ಎದುರುಗೊಂಡು, ಅವರಿಗೆ ಪೇಟೆಯ ಬೆಲೆ ತಿಳಿಯುವ ಮೊದಲೇ ಕೊಳ್ಳುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಹಾಗೆ ಮಾರಿದವನಿಗೆ ಪೇಟೆಗೆ ಬಂದ ಮೇಲೆ ವ್ಯಾಪಾರ ಮುರಿಯುವ ಹಕ್ಕಿದೆ. ನಾನು ಮಾಡಿದ್ದು ಇದನ್ನೇ. ವ್ಯತ್ಯಾಸ ಇಷ್ಟೆ, ಆ ತಾಯಿ ಪೇಟೆಗೆ ಬರುವವರೇ ಅಲ್ಲ.

ಜರೀರ್ ಇಬ್ನು ಅಬ್ದುಲ್ಲಾ(ರ) ಅವರ ಸೇವಕ 300 ದಿರ್ಹಮಿಗೆ ಒಂದು ಕುದುರೆ ಕುದುರಿಸಿದ. ಕುದುರೆ ಅದಕ್ಕಿಂತ ಬೆಲೆಬಾಳುತ್ತದೆಂದು ಜರೀರ್(ರ) ತಾವೇ ಮಾಲೀಕನಿಗೆ ಹೇಳಿ, ಏರಿಸುತ್ತ ಏರಿಸುತ್ತ 800ಕ್ಕೆ ಕೊಂಡರು. ಎಲ್ಲ ಮುಸ್ಲಿಮರ ಹಿತ ಬಯಸುವೆನೆಂದು ಅವರು ಪ್ರವಾದಿವರ್ಯರ(ಸ) ಕೈಹಿಡಿದು ಪ್ರತಿಜ್ಞೆ ಮಾಡಿದ್ದರು. ಮಾರಿದವರು ಮುಸ್ಲಿಮರಲ್ಲವಲ್ಲ ಎಂದು ಯಾರಾದರೂ ಇಲ್ಲಿ ಲೆಕ್ಕ ತೆಗೆದರೆ, ಅವರೊಡನೆ ನನಗೆ ಚರ್ಚೆ ಬೇಡ. ರೋಮಿನ ಸಿಸೆರೊ ಕೂಡ ಕರ್ತವ್ಯಗಳ ಕುರಿತ ತನ್ನ ಗ್ರಂಥದಲ್ಲಿ ಸ್ಕೇವೊಲಾ ಎಂಬವನ ಬಗ್ಗೆ ಬರೆದಿದ್ದಾನೆ. ಜಮೀನಿಗೆ ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ಈತ ತಾನೇ ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟನಂತೆ. ಜನ ಅವನನ್ನು ಒಳ್ಳೆಯವನೆಂದರು, ಜಾಣನೆನ್ನಲಿಲ್ಲ.

ನನ್ನ ತಿಳಿವಳಿಕೆಗೂ ಬೆಲೆಯಿಲ್ಲವೇ ಎಂಬ ವಾದವಿದೆ, ಅದು ಸುಳ್ಳೂ ಅಲ್ಲ. ಎಂಜಿನ್ ಪೂರ್ತಿ ಹಾಳಾಗಿದ್ದರೆ ನಷ್ಟ ನನ್ನದೇ ಆಗುತ್ತಿತ್ತು. ಈಗ ಲಕ್ಷಕ್ಕೆ ಕೇಳಿದರೂ ಅದರಲ್ಲಿ ನನ್ನ ದುಡಿಮೆಯ ಪಾಲು ನನಗೆ ಹಲಾಲ್. ಆದರೆ ಕೊಟ್ಟಿಗೆಯಲ್ಲಿ ನಿಂತಿದ್ದಾಗಲೇ ಇದ್ದ ಬೆಲೆಯಲ್ಲಿ ನನ್ನ ಬೆವರು ಒಂದು ಹನಿಯೂ ಇರಲಿಲ್ಲ.

20,000 ರೂಪಾಯಿ ತೆಗೆದುಕೊಂಡು ಮತ್ತೆ ಹೋದೆ. ಪೂರ್ತಿ ಏಕಲ್ಲ ಎಂದರೆ, ಸಾಗಾಟ, ಅಪಾಯ ಎಂದೆಲ್ಲ ಮನಸ್ಸು ಲೆಕ್ಕ ಹಾಕಿತ್ತು. ಆ ತಾಯಿ ಹಿಗ್ಗಲಿಲ್ಲ. "ಗಾಡಿಯೊಳಗೆ ಏನಾದ್ರೂ ಸಿಕ್ತಾ ಸಾಬ್ರೆ?" ಎಂದು ಅನುಮಾನದಿಂದ ಕೇಳಿದರು. ವಿವರಿಸಿದೆ. ಹಾಗಾದರೆ ಈ ಹಣ ತನ್ನೊಬ್ಬಳದಲ್ಲ, ಮೂವರು ಮಕ್ಕಳಿದ್ದಾರೆ ಎಂದು ಕುಶಾಲನಗರದ ಮಗಳಿಗೆ ಫೋನ್ ಮಾಡಿದರು. ಇದೂ ನನಗೆ ಮೊದಲೇ ಹೊಳೆಯಬೇಕಿತ್ತು. ಆರ್‌ಸಿ ಪುಸ್ತಕ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇತ್ತು. ವಾರಸುದಾರರ ಒಪ್ಪಿಗೆಯಿಲ್ಲದೆ ಆ ಗಾಡಿ ನನ್ನದಾಗಿರಲೇ ಇಲ್ಲ.

ಸಂಜೆ ಹೊಲದಿಂದ ಬಂದ ಮಗ ಹಣವನ್ನೂ ನನ್ನನ್ನೂ ನೋಡಿ ಕೇಳಿದ: "ಇಷ್ಟು ವಾಪಸ್ ಕೊಡ್ತೀರಾ ಅಂದ್ರೆ ನಿಜವಾದ ಬೆಲೆ ಎಷ್ಟಿರಬೇಕು?"

ಮೆಕ್ಯಾನಿಕ್ ಹೇಳಿದ ಮೊತ್ತವನ್ನು ಹೇಳಿದೆ. ಉಳಿದ 6,500 ರೂಪಾಯಿಯನ್ನು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವ ದಿನ ಕೊಡುವುದೆಂದು ಮಾತಾಗಿದೆ.